ಎಸ್‌ಪಿಆರ್ ಯಂತ್ರದ ಡೆಮೊ ಮೇ ತಿಂಗಳಲ್ಲಿ ನೋಡಬೇಡಿ

ಎರಡು ಅಣು ಒಂದಕ್ಕೊಂದು ಅಂಟೋದನ್ನು, ಬಿಡೋದನ್ನು ಅಳೆಯುವ ಯಂತ್ರ ಇದು. ಧಾರವಾಡದ ನಮ್ಮ ಲ್ಯಾಬಿಗೆ ಬಂದು ಮೂರೂವರೆ ವರ್ಷ ಆಯಿತು. ನಾಲ್ಕು ವಿಭಾಗದವರು ಬಳಸುತ್ತಾರೆ. ಬುಕಿಂಗ್ ರಿಜಿಸ್ಟರ್ ನನ್ನ ಹತ್ತಿರ, ಹಾಗಾಗಿ ಬೈಗುಳವೂ ನನಗೇ. ಚಾನೆಲ್ ಎಷ್ಟು, ಸೆನ್ಸಿಟಿವಿಟಿ ಎಷ್ಟು ಅನ್ನೋದೆಲ್ಲ ಬ್ರೋಷರಿನಲ್ಲಿದೆ, ಬಿಡಿ. ನನ್ನದು ಗಾಳಿಗುಳ್ಳೆಯ ಕಥೆ.

ಡೆಮೊ ಆಗಿದ್ದು ಮೇ ತಿಂಗಳಲ್ಲಿ. ಎರಡು ದಿನ ಒಂದು ತಕರಾರೂ ಇರಲಿಲ್ಲ. ರೇಟಿನ ಮಾತಿಗೆ ಕೂತಾಗ ಮಾತ್ರ ಬಜೆಟ್ ಮೀರಿತು. ಸ್ಯಾಂಪಲ್ಲನ್ನು ಹೊತ್ತು ಯಂತ್ರದೊಳಗೆ ಹರಿಯುವ ದ್ರಾವಣವೇ ಬಫರ್. ಅದರಿಂದ ಗಾಳಿ ತೆಗೆಯುವ ಡೀಗ್ಯಾಸರ್‌ಗೆ ಬೇರೆ ದುಡ್ಡು. ‘ಇದೊಂದು ಬೇಡ’ ಅಂತ ಗೆರೆ ಎಳೆದವನು ನಾನೇ.

ಡಿಸೆಂಬರ್ ಬಂತು. ಬೆಳಿಗ್ಗೆ ಲ್ಯಾಬಿನೊಳಗೂ ಸ್ವೆಟರ್ ಬೇಕು. ಫ್ಲೋ ಸೆಲ್, ಅಂದರೆ ಅಣು ಅಂಟಿಸಿದ ಚಿಪ್ಪಿನ ಮೇಲೆ ಬಫರ್ ಹರಿಯುವ ಕಾಲುವೆ, 25 ಡಿಗ್ರಿಯಲ್ಲಿ ಕೂತಿದೆ, ಹುಡುಗರು ಬಫರನ್ನು ಸೀದಾ ಫ್ರಿಜ್ಜಿನಿಂದ ತಂದು ಹಚ್ಚುತ್ತಾರೆ. 4 ಡಿಗ್ರಿಯ ನೀರು ಲೀಟರಿಗೆ ಸುಮಾರು 13 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡಿರುತ್ತದೆ, 25 ಡಿಗ್ರಿಯಲ್ಲಿ 8ರ ಆಸುಪಾಸು ಅಷ್ಟೇ. ಉಳಿದದ್ದು ಎಲ್ಲಿಗೆ ಹೋಗಬೇಕು? ಕೂದಲೆಳೆಯಂಥ ಆ ಕಾಲುವೆಯಲ್ಲೇ ಗುಳ್ಳೆಯಾಗಿ ಕೂತುಬಿಡುತ್ತದೆ. ಮೇ ತಿಂಗಳಲ್ಲಿ ಬಾಟಲಿಯೇ ಫ್ಲೋ ಸೆಲ್‌ಗಿಂತ ಬಿಸಿ ಇತ್ತು, ಅದಕ್ಕೇ ಡೆಮೊ ಸಲೀಸಾಗಿತ್ತು. ಇಷ್ಟು ನನ್ನ ತಲೆಗೆ ಹೋಗುವಷ್ಟರಲ್ಲಿ ಎರಡು ಚಿಪ್ ಹಾಳಾದವು. ಒಂದೊಂದಕ್ಕೂ ಹತ್ತಾರು ಸಾವಿರ ರೂಪಾಯಿ.

ಒಂದು ಗುಳ್ಳೆಗೆ ಇಷ್ಟು ಗೋಳೇ ಅನ್ನಬಹುದು. ನಮ್ಮ ಹುಡುಗಿಯೊಬ್ಬಳು ಉಳ್ಳಾಗಡ್ಡಿಯಲ್ಲಿ ಸಿಗುವ ಕ್ವೆರ್ಸೆಟಿನ್ ಮೇಲೆ ಕೆಲಸ ಮಾಡುತ್ತಿದ್ದಾಳೆ. ಅದರ ತೂಕ ಬರೀ 302 ಡಾಲ್ಟನ್, ಚಿಪ್ಪಿಗೆ ಅಂಟಿಸಿದ ಅಲ್ಬುಮಿನ್ ಪ್ರೋಟೀನು ಸುಮಾರು 66,000. ಅಂಟಿದ ತೂಕಕ್ಕೆ ತಕ್ಕ ಸಿಗ್ನಲ್, ಅದರ ಅಳತೆ ಆರ್‌ಯು. ಅಲ್ಬುಮಿನ್ 3000 ಆರ್‌ಯು ಕೂರಿಸಿದರೂ, ಒಂದಕ್ಕೊಂದು ಅಂಟುವ ಲೆಕ್ಕದಲ್ಲಿ ಸಿಗೋದು ಹೆಚ್ಚೆಂದರೆ 14 ಆರ್‌ಯು. ಗುಳ್ಳೆ ನುಗ್ಗಿದರೆ ಪರದೆಯ ಮೇಲಿನ ಸಿಗ್ನಲ್ ಗೆರೆ ಸಾವಿರಗಟ್ಟಲೆ ಜಿಗಿಯುತ್ತದೆ. “ಸರ್, ಮತ್ತ ಗುಳ್ಳಿ ಬಂತ್ರಿ” ಅಂತ ಅವಳು ಬಾಗಿಲಲ್ಲಿ ನಿಂತರೆ ನನ್ನ ಚಹಾ ಆರಿದಂತೆಯೇ.

ಬಿಎಲ್‌ಐ ಯಂತ್ರವನ್ನೂ ನೋಡಿದ್ದೆವು. ಅದೂ ಅಣು ಅಂಟೋದನ್ನೇ ಅಳೆಯುತ್ತದೆ. ಸೆನ್ಸರ್ ತುದಿಯನ್ನು ಸ್ಯಾಂಪಲ್ಲಿನಲ್ಲಿ ಅದ್ದಿದರೆ ಆಯಿತು, ಕಾಲುವೆಯ ರಗಳೆಯೇ ಇಲ್ಲ. ಆದರೆ ಇಂಥ ಸಣ್ಣ ಅಣುಗಳಿಗೆ ಅದು ಅಷ್ಟಾಗಿ ಒಗ್ಗದು. ನೀವು ಬರೀ ಆ್ಯಂಟಿಬಾಡಿ ನೋಡುವವರಾದರೆ ಸುಮ್ನೆ ಅದನ್ನೇ ತಗೊಳ್ಳಿ.

ಈಗ ನನ್ನ ದಿನಚರಿ ಹೀಗಿದೆ. ಹಿಂದಿನ ಸಂಜೆಯೇ ಬಫರ್ ಫ್ರಿಜ್ಜಿನಿಂದ ಹೊರಗೆ. ಬೆಳಿಗ್ಗೆ ಎಂಟೂವರೆಗೆ 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸುತ್ತೇನೆ. ದಪ್ಪ ಗಾಜಿನ ಫ್ಲಾಸ್ಕಿಗೆ ಸುರಿದು, ಕೆಳಗೆ ಸ್ಟರರ್ ತಿರುಗಿಸಿ, ವ್ಯಾಕ್ಯೂಮ್ ಪಂಪ್ ಹಚ್ಚುತ್ತೇನೆ. ಹಳೇ ಪಂಪು, ಹಿಟ್ಟಿನ ಗಿರಣಿ ಹಾಗೆ ಸದ್ದು. ಮೊದಲು ಗಾಜಿಗೆ ಸಾಸಿವೆ ಕಾಳಿನಂಥ ಗುಳ್ಳೆಗಳು ಹತ್ತಿಕೊಳ್ಳುತ್ತವೆ, ಆಮೇಲೆ ಪೂರ್ತಿ ಸೋಡಾ. ಇಪ್ಪತ್ತು ನಿಮಿಷಕ್ಕೆ ಎಲ್ಲ ಶಾಂತ. ಬಫರಿಗೆ ಸೇರಿಸುವ ಸೋಪಿನಂಥ ಟ್ವೀನ್ ಮಾತ್ರ ಕೊನೆಗೆ ಹಾಕಬೇಕು, ಇಲ್ಲದಿದ್ದರೆ ನೊರೆ ಉಕ್ಕಿ ಪಂಪಿನೊಳಗೆ ಹೋಗುತ್ತದೆ. ಹೋಗಿದೆ ಕೂಡ.

ನಿಜ ಹೇಳಬೇಕೆಂದರೆ ಆ ಇಪ್ಪತ್ತು ನಿಮಿಷ ಈಗ ನನಗೆ ಇಷ್ಟ. ಹೊಸ ಹುಡುಗರು ಸುತ್ತ ನಿಂತು ನೋಡುತ್ತಾರೆ, ಏನೇನೋ ಕೇಳುತ್ತಾರೆ. ಮತ್ತೆ ಬಫರ್ ಚೆನ್ನಾಗಿದ್ದ ದಿನ ಈ ಯಂತ್ರದ ಮೇಲೆ ಸಿಟ್ಟು ಉಳಿಯಲ್ಲ. ಬೇಸ್‌ಲೈನ್ ಸ್ಕೇಲ್ ಇಟ್ಟು ಎಳೆದ ಹಾಗೆ. ಇಂಜೆಕ್ಷನ್ ಕೊಟ್ಟ ಕೂಡಲೇ ಗೆರೆ ಬಾಗಿ ಏರುತ್ತದೆ. ಬಣ್ಣ ಹಚ್ಚಿಲ್ಲ, ಲೇಬಲ್ ಅಂಟಿಸಿಲ್ಲ, ಎರಡು ಅಣು ಕೈ ಹಿಡಿಯೋದು ಕಣ್ಣೆದುರಿಗೇ ಕಾಣುತ್ತದೆ. ಒಮ್ಮೆ ಒಂದು ಆ್ಯಂಟಿಬಾಡಿ ಬಿಡೋದೇ ಇಲ್ಲ ಅಂತ ಕೂತಿತ್ತು. ಬಿಡುವ ವೇಗ ಸೆಕೆಂಡಿಗೆ 0.0001 ಇದ್ದರೆ ಅರ್ಧದಷ್ಟು ಬಿಡೋಕೇ 1 ಗಂಟೆ 55 ನಿಮಿಷ ಬೇಕು. ಎಲ್ಲರೂ ಹೋಗಿ ಗಿರ್ಮಿಟ್ ತಿಂದು, ಚಹಾ ಕುಡಿದು, ಸುತ್ತಾಡಿ ಬಂದೆವು. ಗೆರೆ ಇನ್ನೂ ಇಳಿಯುತ್ತಲೇ ಇತ್ತು.

ನೀವು ಕೊಳ್ಳುವವರಾದರೆ ಚಳಿಗಾಲದ ಬೆಳಿಗ್ಗೆ ಡೆಮೊ ಕೇಳಿ. ನಿಮ್ಮದೇ ಫ್ರಿಜ್ಜಿನ ಬಫರ್, ನಿಮ್ಮದೇ ಸ್ಯಾಂಪಲ್ ಕೊಡಿ. ಕಂಪನಿಯವರು ತಂದ ಬಾಟಲಿ ಮುಟ್ಟಬೇಡಿ.

ಹೋದ ವಾರ ಡೀಗ್ಯಾಸರ್‌ಗೆ ಇಂಡೆಂಟ್ ಹಾಕಿದ್ದೆ. ಖರೀದಿ ಸಮಿತಿಯಿಂದ ಫೈಲ್ ವಾಪಸ್ ಬಂದಿದೆ: ‘ಮೂರೂವರೆ ವರ್ಷ ಇದಿಲ್ಲದೆ ನಡೆದಿದೆಯಲ್ಲ, ಈಗ ಯಾಕೆ?’ ಜೊತೆಗೆ ಹಳೇ ಕೊಟೇಶನ್ನಿನ ಪ್ರತಿ, ಅದರ ಮೇಲೆ ನಾನೇ ಎಳೆದ ಆ ಕೆಂಪು ಗೆರೆ.