ದುರ್ಗಿಗುಡಿಯ ಕಣ್ಣಿನ ಕ್ಲಿನಿಕ್: ತಲೆನೋವಿಲ್ಲದ ಮೈಗ್ರೇನಿಗೆ ಸಿಕ್ಕ ವಿವರಣೆ

ತಲೆನೋವು ಕಿಂಚಿತ್ತೂ ಇಲ್ಲದೆ, ಓದುತ್ತಿರುವ ಸಾಲಿನ ನಡುವಿನ ಅಕ್ಷರಗಳು ಮಾಯವಾಗಿ, ಆ ಜಾಗದಿಂದ ಗರಗಸದ ಹಲ್ಲಿನಂತಹ ಮಿನುಗುವ ಗೆರೆಯೊಂದು ಕಮಾನಿನಾಕಾರದಲ್ಲಿ ಹಿಗ್ಗುತ್ತ ಅಂಚಿಗೆ ಸರಿಯುವ ತೊಂದರೆಗಾಗಿ ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ಕಣ್ಣಿನ ಕ್ಲಿನಿಕ್ಕೊಂದಕ್ಕೆ ಹೋಗಿದ್ದೆ. ಒಂದೊಂದೇ ಕಣ್ಣು ಮುಚ್ಚಿದಾಗ ಏನು ಕಾಣುತ್ತದೆ ಎಂಬುದೇ ವೈದ್ಯರ ಮೊದಲ ಪ್ರಶ್ನೆ. ಎರಡರಲ್ಲೂ ಗೆರೆ ಕಾಣುತ್ತದೆ ಎಂದಾಗ, ಇದು ತಲೆನೋವಿಲ್ಲದ ಮೈಗ್ರೇನ್, ಇದರ ಮೂಲ ಕಣ್ಣಲ್ಲ, ಮಿದುಳಿನ ಹಿಂಭಾಗದ ದೃಷ್ಟಿಕೇಂದ್ರ ಎಂದರು. ಅಲ್ಲಿ ನರಕೋಶಗಳ ಚಟುವಟಿಕೆಯ ಅಲೆಯೊಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಹರಡುವುದರಿಂದ ಗೆರೆಯೂ ನಿಧಾನವಾಗಿ ಸರಿಯುತ್ತದೆ, ಸಾಮಾನ್ಯವಾಗಿ 5ರಿಂದ 60 ನಿಮಿಷಗಳೊಳಗೆ ಅಡಗುತ್ತದೆ ಎಂದು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಹಾಗೆಂದು ಪಾಪೆ ಹಿಗ್ಗಿಸುವ ಹನಿ ಹಾಕಿ ಅಕ್ಷಿಪಟಲವನ್ನು ಪರೀಕ್ಷಿಸದೆ ಕಳುಹಿಸಲಿಲ್ಲ. ಈ ಶ್ರದ್ಧೆ ನನಗೆ ಹಿಡಿಸಿತು. ಒಂದೇ ಕಣ್ಣಿಗೆ ಕಪ್ಪು ಪರದೆ ಇಳಿದಂತಾದರೆ, ಮಾತು ತೊದಲಿದರೆ, ಕೈಕಾಲಿನ ಶಕ್ತಿ ಕುಂದಿದರೆ ಅಥವಾ 50 ದಾಟಿದ ಮೇಲೆ ಮೊದಲ ಬಾರಿಗೆ ಹೀಗಾದರೆ ಮೈಗ್ರೇನೆಂದು ಸುಮ್ಮನಿರದೆ ತಕ್ಷಣ ತೋರಿಸಬೇಕೆಂದೂ ಎಚ್ಚರಿಸಿದರು. ಗಾಡಿ ಓಡಿಸುವಾಗ, ಅದರಲ್ಲೂ ಘಾಟಿಯ ತಿರುವುಗಳಲ್ಲಿ, ಗೆರೆ ಕಾಣಿಸಿದರೆ ಪಕ್ಕಕ್ಕೆ ನಿಲ್ಲಿಸಲೇಬೇಕಂತೆ. ಕಾಯುವುದು ಮಾತ್ರ ವಿಪರೀತ. ಹನಿ ಹಾಕಿದ ಮೇಲೆ ಕೆಲವು ಗಂಟೆ ದೃಷ್ಟಿ ಮಂಜಾಗುವುದನ್ನು ಟೋಕನ್ ಕೊಡುವಾಗಲೇ ತಿಳಿಸಿದರೆ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬೈಕಿನಲ್ಲಿ ಬರುವವರು ಜೊತೆಗೊಬ್ಬರನ್ನು ಕರೆತರಬಹುದು.