ರಾಬೆನ್ ದ್ವೀಪದ ಟೂರ್: ಊಟದ ಪಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ

ಐದಕ್ಕೆ ಐದು ಸ್ಟಾರ್ ಕೊಟ್ಟಿದ್ದೇನೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ ಮಂಡೇಲಾ ಅವರನ್ನು ಸೆರೆ ಇಟ್ಟಿದ್ದ ದ್ವೀಪ ಇದು. ಹೋಗುವ ಮೊದಲು ನಾನು ಓದಿದ ರಿವ್ಯೂಗಳಲ್ಲೆಲ್ಲ ಮಂಡೇಲಾ ಅವರ ಸೆಲ್ಲಿನ ಫೋಟೋ ಇತ್ತು, ನನಗೆ ಬೇಕಾದ ವಿಷಯ ಇರಲಿಲ್ಲ.

ಮೊದಲು ಕೆಲಸದ ಮಾತು ಮುಗಿಸುತ್ತೇನೆ. ಬೋಟು ಹೊರಡುವುದು ಕೇಪ್ ಟೌನ್ ವಾಟರ್‌ಫ್ರಂಟ್‌ನ ನೆಲ್ಸನ್ ಮಂಡೇಲಾ ಗೇಟ್‌ವೇ ಕಟ್ಟಡದಿಂದ. ಹೋಗಿ ಬರುವುದು, ಬಸ್ಸಿನಲ್ಲಿ ದ್ವೀಪ ಸುತ್ತುವುದು, ಜೈಲು ನೋಡುವುದು ಎಲ್ಲ ಸೇರಿ ಮೂರೂವರೆ ಗಂಟೆ ಆಗುತ್ತದೆ. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತಗೊಳ್ಳಿ. ಗಾಳಿ ಜಾಸ್ತಿ ಇದ್ದರೆ ಬೋಟು ಬಿಡುವುದಿಲ್ಲ. ನಮ್ಮ ಟ್ರಾವೆಲ್ ಏಜೆಂಟ್ ಇದನ್ನು ಪ್ರವಾಸದ ಕೊನೆಯ ದಿನಕ್ಕೆ ಹಾಕಿದ್ದರು, ನಾನು ಹಠ ಮಾಡಿ ಎರಡನೇ ದಿನಕ್ಕೆ ಬದಲಾಯಿಸಿಕೊಂಡೆ. ಒಳ್ಳೆಯದೇ ಆಯಿತು. ಎರಡನೇ ದಿನ ಸಮುದ್ರ ಕೆರಳಿತ್ತು, ಬೋಟು ಸಿಕ್ಕಿದ್ದು ಮೂರನೇ ದಿನ. ನೀವೂ ಒಂದೆರಡು ದಿನ ಕೈಯಲ್ಲಿಟ್ಟುಕೊಂಡೇ ಹೋಗಿ. ಬೇಸಿಗೆಯಾದರೂ ಸ್ವೆಟರ್ ಇರಲಿ.

ಇನ್ನು ನಾನು ಹೋಗಿದ್ದು ಯಾಕೆ ಅನ್ನುವುದು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮಣ್ಣಿಗೆ ಹೋಗಲು ಆಗದಿದ್ದವರು ಆಮೇಲೆ ಒಂದು ದಿನ ಆ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುತ್ತಾರೆ. ಎಷ್ಟು ತಡವಾದರೂ ಹೋಗುತ್ತಾರೆ. ನನಗೆ ಇದು ಅಂಥ ಭೇಟಿ.

ಮಂಡೇಲಾ ತೀರಿಕೊಂಡಿದ್ದು 2013ರ ಡಿಸೆಂಬರ್ 5ರ ರಾತ್ರಿ, 95ನೇ ವಯಸ್ಸಿನಲ್ಲಿ. ಅಲ್ಲಿ ಸುದ್ದಿ ಹೇಳುವ ಹೊತ್ತಿಗೆ ನಮ್ಮಲ್ಲಿ 6ನೇ ತಾರೀಕು ಆಗಿಬಿಟ್ಟಿತ್ತು. ನಮ್ಮ ಮನೆಯಲ್ಲಿ ಡಿಸೆಂಬರ್ 6 ಅಂದರೆ ಬಾಬಾಸಾಹೇಬರ ಪರಿನಿರ್ವಾಣದ ದಿನ. ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟರು. ಬೆಳಿಗ್ಗೆ ಸೇವಂತಿಗೆ ಹಾರ ತಂದು ಫೋಟೋ ಒರೆಸುತ್ತಿದ್ದಾಗ ಟಿವಿಯಲ್ಲಿ ಸುದ್ದಿ ಬಂತು. ಒರೆಸುವ ಬಟ್ಟೆ ಕೈಯಲ್ಲೇ ಹಿಡಿದುಕೊಂಡು ಹಾಗೇ ಕೂತರು. ಮಾರನೇ ದಿನ ಪೇಪರಿನಿಂದ ಮಂಡೇಲಾ ಫೋಟೋ ಕತ್ತರಿಸಿ ಬಾಬಾಸಾಹೇಬರ ಫ್ರೇಮಿನ ಮೂಲೆಗೆ ಸಿಕ್ಕಿಸಿದರು. ಇನ್ಮೇಲೆ ಇಬ್ಬರಿಗೂ ಒಂದೇ ಹಾರ, ಅಂದರು. ಭಾರತ ಸರ್ಕಾರ ಐದು ದಿನ ಶೋಕ ಘೋಷಿಸಿತ್ತು. ನಮ್ಮನೆಯಲ್ಲಿ ಆ ಫೋಟೋ ಈಗಲೂ ಅಲ್ಲೇ ಇದೆ, ಹಳದಿಯಾಗಿದೆ.

ದ್ವೀಪದಲ್ಲಿ ಮೊದಲು ಬಸ್ಸು ಹತ್ತಿಸುತ್ತಾರೆ. ವರ್ಣಭೇದದ ವಿರುದ್ಧ ಹೋರಾಡಿದ ಇನ್ನೊಬ್ಬ ನಾಯಕ ರಾಬರ್ಟ್ ಸೊಬುಕ್ವೆ ಅವರನ್ನು 1963ರಿಂದ 1969ರ ತನಕ ಒಂಟಿಯಾಗಿ ಇಟ್ಟಿದ್ದ ಮನೆ ಕಾಣುತ್ತದೆ. ಆಮೇಲೆ ಸುಣ್ಣದ ಕಲ್ಲಿನ ಕ್ವಾರಿ. ಬಿಸಿಲು ಬಿದ್ದರೆ ಕಣ್ಣು ಬಿಡಲು ಆಗುವುದಿಲ್ಲ, ಅಷ್ಟು ಬಿಳುಪು. ಮಂಡೇಲಾ ಮತ್ತು ಜೊತೆಯವರು ವರ್ಷಗಟ್ಟಲೆ ಅಲ್ಲಿ ಕಲ್ಲು ಒಡೆದರು, ಅವರ ಕಣ್ಣು ಹಾಳಾಗಿದ್ದು ಅಲ್ಲೇ. ಕ್ವಾರಿಯ ಬಾಯಲ್ಲಿ ಒಂದು ಕಲ್ಲಿನ ಗುಡ್ಡೆ ಇದೆ. 1995ರಲ್ಲಿ ಹಳೆಯ ಕೈದಿಗಳೆಲ್ಲ ಮತ್ತೆ ಸೇರಿದಾಗ ಮಂಡೇಲಾ ಒಂದು ಕಲ್ಲು ಇಟ್ಟರು, ಹಿಂದೆಯೇ ಉಳಿದವರೂ ಒಂದೊಂದು ಇಟ್ಟರು. ಯಾರೂ ಅದನ್ನು ನೀಟಾಗಿ ಜೋಡಿಸಿಲ್ಲ, ಸಿಮೆಂಟ್ ಹಾಕಿಲ್ಲ. ಅದು ನನಗೆ ತುಂಬಾ ಇಷ್ಟವಾಯಿತು.

ಜೈಲಿನೊಳಗೆ ಕರೆದುಕೊಂಡು ಹೋಗುವವರು ಅಲ್ಲೇ ರಾಜಕೀಯ ಕೈದಿಗಳಾಗಿ ಇದ್ದವರು. ಈ ಟೂರ್‌ನಲ್ಲಿ ಬೆಲೆ ಕಟ್ಟಲು ಆಗದ್ದು ಇದು. ನಮಗೆ ಸಿಕ್ಕವರಿಗೆ ತಲೆಯೆಲ್ಲ ನೆರೆತಿತ್ತು, ನಡಿಗೆ ನಿಧಾನ. ನಮ್ಮನ್ನು ಒಂದು ದೊಡ್ಡ ಹಾಲಿನಲ್ಲಿ ಗೋಡೆಗೆ ಒರಗಿಸಿದ ಬೆಂಚುಗಳ ಮೇಲೆ ಕೂರಿಸಿದರು. ಆಮೇಲೆ ಒಂದು ಬೋರ್ಡಿನ ಕಡೆ ಕೈ ತೋರಿಸಿ, ಓದಿಕೊಳ್ಳಿ ಅಂತ ಹೇಳಿ ಸುಮ್ಮನಾದರು.

ಊಟದ ಪಟ್ಟಿ. ಒಂದು ಸಾಲು ಕಲರ್ಡ್ (ಅಂದರೆ ಮಿಶ್ರ ಮೂಲದ) ಮತ್ತು ಏಷಿಯಾಟಿಕ್ ಕೈದಿಗಳಿಗೆ, ಇನ್ನೊಂದು ಸಾಲು ಬಂಟು, ಅಂದರೆ ಕಪ್ಪು ಆಫ್ರಿಕನ್ ಕೈದಿಗಳಿಗೆ. ಮೊದಲಿನವರಿಗೆ ಮಾಂಸ 6 ಔನ್ಸ್, ಎರಡನೆಯವರಿಗೆ 5. ಮೊದಲಿನವರಿಗೆ ಜಾಮ್ 1 ಔನ್ಸ್, ಎರಡನೆಯವರಿಗೆ ಇಲ್ಲ. ಬ್ರೆಡ್ಡೂ ಇಲ್ಲ. ಆಫ್ರಿಕನ್ನರಿಗೆ ಬ್ರೆಡ್ಡು ಸೇರುವುದೇ ಇಲ್ಲ ಅನ್ನುವುದು ಜೈಲಿನವರ ವಾದವಂತೆ. ಒಂದೇ ಜೈಲು, ಒಂದೇ ಶಿಕ್ಷೆ, ಒಂದೇ ಕ್ವಾರಿ. ತಟ್ಟೆ ಮಾತ್ರ ಬೇರೆ.

ನಮ್ಮ ತಾತ ಊರಿನ ಹೋಟೆಲಿನ ಹೊರಗೆ ನಿಂತು ತೆಂಗಿನ ಚಿಪ್ಪಿನಲ್ಲಿ ಟೀ ಕುಡಿದವರು. ಕುಡಿದ ಮೇಲೆ ತಾವೇ ತೊಳೆದು ಗೋಡೆಯ ಸಂದಿಯಲ್ಲಿ ಇಡಬೇಕಿತ್ತು. ಹಾಗಾಗಿ ಆ ಬೋರ್ಡು ನನಗೆ ಓದುವ ಮೊದಲೇ ಅರ್ಥವಾಯಿತು ಅಂದುಕೊಂಡೆ. ಆದರೆ ಎರಡನೇ ಸಲ ಓದಿದಾಗ ಹೊಟ್ಟೆಯಲ್ಲಿ ಏನೋ ಕದಲಿದಂತಾಯಿತು. ಏಷಿಯಾಟಿಕ್ ಅಂದರೆ ನಾನು. ಊರಲ್ಲಿ ಚಿಪ್ಪಿನಲ್ಲಿ ಕುಡಿದ ತಾತ ಇಲ್ಲಿಗೆ ಬಂದಿದ್ದರೆ ಜಾಮ್ ಸಿಗುವ ಸಾಲಿನಲ್ಲಿ ಕೂರುತ್ತಿದ್ದರು, ಪಕ್ಕದಲ್ಲಿ ಕೂತ ಮಂಡೇಲಾಗೆ ಸಿಗುತ್ತಿರಲಿಲ್ಲ. ಇದಕ್ಕೆ ಏನು ಮಾಡಬೇಕಿತ್ತು ತಾತ?

ಇದೇ ಪ್ರಶ್ನೆ ಅಹ್ಮದ್ ಕಥ್ರಾಡಾ ಅವರಿಗೆ ನಿಜವಾಗಿಯೂ ಬಂದಿತ್ತು. ಗುಜರಾತಿ ಮೂಲದವರು. 1964ರ ಜೂನ್‌ನಲ್ಲಿ ರಿವೊನಿಯಾ ಕೇಸಿನಲ್ಲಿ (ಸರ್ಕಾರದ ವಿರುದ್ಧ ವಿಧ್ವಂಸಕ ಕೆಲಸ ಮಾಡಿದರು ಅನ್ನುವ ಕೇಸು) ಮಂಡೇಲಾ ಜೊತೆ ಜೀವಾವಧಿ ಶಿಕ್ಷೆಯಾಗಿ ಈ ದ್ವೀಪಕ್ಕೆ ಬಂದ ಏಳು ಜನರಲ್ಲಿ ಇವರೊಬ್ಬರೇ ಭಾರತೀಯರು, ವಯಸ್ಸು 34. ಅದೇ ಕೇಸಿನ ಡೆನಿಸ್ ಗೋಲ್ಡ್‌ಬರ್ಗ್ ಬಿಳಿಯರು, ಅದಕ್ಕೇ ಅವರನ್ನು ಪ್ರಿಟೋರಿಯಾದಲ್ಲೇ ಬೇರೆ ಇಟ್ಟರು. ಚಳಿಗಾಲ. ಕಥ್ರಾಡಾಗೆ ಉದ್ದ ಪ್ಯಾಂಟು, ಕಾಲುಚೀಲ ಕೊಟ್ಟರು. ಮಂಡೇಲಾ, ಜೊತೆಗೆ ಬಂದ ವಾಲ್ಟರ್ ಸಿಸುಲು ಎಲ್ಲರಿಗೂ ಚಡ್ಡಿ, ಕಾಲುಚೀಲ ಇಲ್ಲ. ಎಲ್ಲರೂ ಇವರಿಗಿಂತ ದೊಡ್ಡವರು. ಇವರಿಗೆ ನಾಚಿಕೆಯಾಗಿ, ನನಗೂ ಇದು ಬೇಡ ಅಂದರು. ಹಿರಿಯರು ಒಪ್ಪಲಿಲ್ಲ. ಸಿಕ್ಕಿದ್ದನ್ನು ಬಿಡಬೇಡ, ಎಲ್ಲರಿಗೂ ಸಿಗುವ ತನಕ ಸೇರಿ ಹೋರಾಡೋಣ ಅನ್ನುವುದು ಅವರ ಮಾತು. ಎಲ್ಲ ಬಣ್ಣದವರಿಗೂ ಒಂದೇ ಊಟ ಅಂತ ಆಗಿದ್ದು 1979ರಲ್ಲಿ. ಹದಿನೈದು ವರ್ಷ! ಅಷ್ಟು ವರ್ಷ ಒಂದು ತುಂಡು ಬ್ರೆಡ್ಡಿಗಾಗಿ ಅರ್ಜಿ ಬರೆದಿದ್ದಾರೆ, ಉಪವಾಸ ಕೂತಿದ್ದಾರೆ, ಆದರೂ ಬ್ರೆಡ್ಡು ಸಿಗುತ್ತಿದ್ದವನ ಮೇಲೆ ಮುನಿಸಿಕೊಳ್ಳಲಿಲ್ಲ. ರಾಜಿ, ಸಮಾಧಾನ ಅಂತ ಮಂಡೇಲಾ ಬಗ್ಗೆ ಎಷ್ಟೋ ಓದಿದ್ದೆ, ಅದು ಎಲ್ಲಿಂದ ಶುರುವಾಯಿತು ಅಂತ ಗೊತ್ತಾಗಿದ್ದು ಈ ಬೋರ್ಡಿನ ಮುಂದೆ.

ಸೆಲ್ಲಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಂಬಿಯ ಆಚೆಯಿಂದ ನೋಡಬೇಕು. ನೆಲದ ಮೇಲೆ ಚಾಪೆ, ಮಡಚಿದ ಕಂಬಳಿ, ಮುಚ್ಚಳದ ಬಕೆಟ್. ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವುದೇನೋ ಅನ್ನುವಷ್ಟು ಅಗಲ. 27 ವರ್ಷದ ಸೆರೆಯಲ್ಲಿ 18 ವರ್ಷ ಈ ದ್ವೀಪದಲ್ಲೇ ಕಳೆದವರು. ಹಿಂದೆ ಜನ ಕಾಯುತ್ತಿರುತ್ತಾರೆ, ಬೇಗ ಜಾಗ ಬಿಡಬೇಕು. ಫೋಟೋ ತೆಗೆಯದೆ ಸುಮ್ನೆ ನೋಡಿ ಬನ್ನಿ ಅನ್ನುವುದು ನನ್ನ ಸಲಹೆ, ಫೋಟೋ ಎಲ್ಲ ಕಡೆ ಸಿಗುತ್ತದೆ.

ಹೊರಗೆ ಬಂದ ಮೇಲೆ ಜೊತೆಗಿದ್ದ ಒಬ್ಬ ಹುಡುಗ ಗೈಡ್ ಅವರನ್ನು, ನಿಮಗೆ ಸಿಟ್ಟಿಲ್ವಾ ಅಂತ ಕೇಳಿದ. ಅವರು ನಕ್ಕರಷ್ಟೇ. ನನಗೆ ಸಿಟ್ಟಿದೆ, ನಿಜ ಹೇಳಬೇಕಲ್ಲ. ತನ್ನ ಮೇಲೆ ಕೇಸು ನಡೆಸಿದ ಸರ್ಕಾರಿ ವಕೀಲ ಪರ್ಸಿ ಯೂಟರ್ ಅವರನ್ನು ಅಧ್ಯಕ್ಷರಾದ ಮೇಲೆ ಮಂಡೇಲಾ ಊಟಕ್ಕೆ ಕರೆದರು. ಜನರನ್ನು ಬಣ್ಣದ ಮೇಲೆ ಬೇರೆ ಮಾಡಿದ ಪ್ರಧಾನಿ ವರ್ವೂರ್ಡ್ ಅವರ ಹೆಂಡತಿಯನ್ನು ಕಾಣಲು 1995ರಲ್ಲಿ ತಾವೇ ಅವರ ಊರಿಗೆ ಹೋಗಿ ಟೀ ಕುಡಿದರು. ಮುದುಕಿಗೆ ಆಗ 94 ವರ್ಷ. ಆ ಟೀ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೆ ಮಂಡೇಲಾ ಹೋದ ಕಡೆ ಆಮೇಲೆ ಯಾರೂ ಹೆದರಿಕೊಂಡು ಬಾಗಿಲು ಹಾಕಿಕೊಳ್ಳಬೇಕಾಗಿ ಬರಲಿಲ್ಲ ಅನ್ನುವುದನ್ನೂ ನೋಡಬೇಕು, ಅಲ್ವಾ.

ಬೋಟಿನಲ್ಲಿ ವಾಪಸ್ ಬರುವಾಗ ನೆನಪಾಗಿದ್ದು ಕುನು ಹಳ್ಳಿಯಲ್ಲಿ ನಡೆದ ಮಂಡೇಲಾ ಅವರ ಮಣ್ಣು. 2013ರ ಡಿಸೆಂಬರ್ 15. ಪ್ರಿಟೋರಿಯಾದಲ್ಲಿ ಮೂರು ದಿನ ಜನ ಕ್ಯೂ ನಿಂತು ಮುಖ ನೋಡಿದ ಮೇಲೆ ಅವರನ್ನು ಬೆಳೆದ ಊರಿಗೆ ತಂದಿದ್ದರು. ವಯಸ್ಸಿಗೆ ಒಂದರಂತೆ 95 ಮೇಣದ ಬತ್ತಿ ಹಚ್ಚಿದ್ದರು. ಅವತ್ತು ಮಾತಾಡಿದವರಲ್ಲಿ ಕಥ್ರಾಡಾ ಒಬ್ಬರು, ಆಗ ಅವರಿಗೆ 84. ವಾಲ್ಟರ್ ಸಿಸುಲು ಹೋದಾಗ ಅಪ್ಪನನ್ನು ಕಳೆದುಕೊಂಡೆ, ಈಗ ಅಣ್ಣನನ್ನು ಕಳೆದುಕೊಂಡೆ, ಇನ್ನು ಯಾರ ಹತ್ತಿರ ಹೋಗಲಿ ಅಂತ ಗಂಟಲು ಕಟ್ಟಿ ಹೇಳಿದ್ದರು. ಅವತ್ತು ಟಿವಿಯಲ್ಲಿ ನೋಡಿದಾಗ ಯಾರೋ ಸ್ನೇಹಿತರು ಅಂದುಕೊಂಡಿದ್ದೆ. ಉದ್ದ ಪ್ಯಾಂಟಿನ ಹುಡುಗ ಅಂತ ಈಗ ಗೊತ್ತಾಯಿತು. ಅವರೂ 2017ರ ಮಾರ್ಚ್‌ನಲ್ಲಿ ಹೋದರು.

ತೀರಾ ಚಿಕ್ಕ ಮಕ್ಕಳಿಗೆ ಈ ಟೂರ್ ಬೇಸರವಾಗುತ್ತದೆ, ನಡಿಗೆಯೂ ಇದೆ. ಹೈಸ್ಕೂಲ್ ಮಕ್ಕಳನ್ನು ಮಾತ್ರ ಖಂಡಿತ ಕರೆದುಕೊಂಡು ಹೋಗಿ. ಹೋಗುವುದಾದರೆ ಬೇಗ ಹೋಗಿ. ಕೊನೆಯ ರಾಜಕೀಯ ಕೈದಿಗಳು ದ್ವೀಪ ಬಿಟ್ಟಿದ್ದು 1991ರಲ್ಲಿ. ಗೈಡ್‌ಗಳಿಗೆಲ್ಲ ವಯಸ್ಸಾಗುತ್ತಿದೆ, ಅವರ ಬಾಯಲ್ಲಿ ಕೇಳುವ ಅವಕಾಶ ಇನ್ನು ಜಾಸ್ತಿ ವರ್ಷ ಇರುವುದಿಲ್ಲ.

ಊರಿಗೆ ಹೋದಾಗ ಅಪ್ಪನಿಗೆ ಆ ಬೋರ್ಡಿನ ಫೋಟೋ ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡು, ಬೆರಳಲ್ಲಿ ದೊಡ್ಡದು ಮಾಡಿಕೊಂಡು, ಒಂದೊಂದೇ ಸಾಲು ಮೇಷ್ಟರ ಥರ ಜೋರಾಗಿ ಓದಿದರು. ಅರ್ಧಕ್ಕೆ ನಿಲ್ಲಿಸಿ ಗೋಡೆಯ ಮೇಲಿನ ಹಳದಿ ಫೋಟೋ ನೋಡಿದರು. "ಅಲ್ಲ ಮಗ, ಇವ್ರಿಗೆ ಬ್ರೆಡ್ಡೇ ಇಲ್ವಾ?" ಅಂದರು.