ಅಕ್ರಿಲಿಕ್ ಕಟ್ಟರ್: ಬೋರ್ಡ್ ಅಂಗಡಿಯ ದಿನಬಳಕೆಯಲ್ಲಿ ಕಂಡಂತೆ

ಹಾರ್ಡ್‌ವೇರ್ ಅಂಗಡಿಯಲ್ಲಿ ಅಕ್ರಿಲಿಕ್ ಕಟ್ಟರ್ ಅಂತ ಕೇಳಿದರೂ ಸನ್‌ಮೈಕಾ ಕಟ್ಟರ್ ಅಂತ ಕೇಳಿದರೂ ಕೈಗೆ ಬರುವುದು ಒಂದೇ ವಸ್ತು: ಪ್ಲಾಸ್ಟಿಕ್ ಹಿಡಿ, ತುದಿಯಲ್ಲಿ ಗಿಳಿಯ ಕೊಕ್ಕಿನಂತೆ ಬಾಗಿದ ಬ್ಲೇಡ್. ಗಾಜಿನಂತೆ ಕಾಣುವ ಅಕ್ರಿಲಿಕ್ ಪ್ಲಾಸ್ಟಿಕ್ ಹಾಳೆಯ ಮೇಲೆ ಇದರಿಂದ ಆಳವಾಗಿ ಗೀರಿ, ಆ ಗೀರಿನಗುಂಟ ಮುರಿಯುವುದು ಕ್ರಮ. ನಮ್ಮಲ್ಲಿ ಓಲ್ಫಾ ಕಂಪನಿಯ ಪಿ-450 ಇದೆ, ಹೆಸರಿಲ್ಲದ ಅಗ್ಗದವೂ ಇವೆ. ಹಿಡಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕೊಟ್ಟ ಹಣ ತಿಳಿಯುವುದು ಬ್ಲೇಡಿನಲ್ಲಿ.

2ರಿಂದ 4 ಎಂಎಂ ಅಕ್ರಿಲಿಕ್‌ನ ನೇರ ಗೆರೆಗೆ ಇಷ್ಟು ಅಗ್ಗದ, ಸದ್ದಿಲ್ಲದ ಸಾಧನ ಬೇರೆ ಸಿಗದು. 5 ಎಂಎಂ ಆದರೆ ಎರಡೂ ಬದಿ ಗೀರಬೇಕು. ಅದಕ್ಕಿಂತ ದಪ್ಪದ್ದನ್ನು ಗರಗಸಕ್ಕೋ ಲೇಸರ್‌ಗೋ ಕೊಡಿ. ಒಳಮೂಲೆ, ವಕ್ರರೇಖೆ ಎರಡೂ ಇದರ ಕೆಲಸವಲ್ಲ. ಪಾಲಿಕಾರ್ಬೊನೇಟ್ ಅಂತೂ ಗೀರಿದಷ್ಟೂ ಬಗ್ಗುತ್ತದೆಯೇ ಹೊರತು ಮುರಿಯುವುದಿಲ್ಲ. ಈ ಪ್ಲಾಸ್ಟಿಕ್ಕೂ ಅಕ್ರಿಲಿಕ್ಕೂ ನೋಡಲು ಒಂದೇ ಥರ, ಹಾಗಾಗಿ ಮೊದಲು ಒಂದು ಚೂರು ಬಗ್ಗಿಸಿ ನೋಡುವುದು ಒಳ್ಳೆಯದು.

ಈ ಬ್ಲೇಡ್ ಕೊಯ್ಯುವುದಿಲ್ಲ, ಕೆರೆಯುತ್ತದೆ. ಒತ್ತಿ ಹಿಡಿದು ಎರಡೇ ಎಳೆತಕ್ಕೆ ಮುಗಿಸಲು ಹೋದವರ ಗೆರೆ ಸೊಟ್ಟಗಾಗುವುದು ಇದಕ್ಕೇ. ಸ್ಟೀಲ್ ಸ್ಕೇಲನ್ನು ಸಿ-ಕ್ಲಾಂಪ್‌ನಿಂದ ಎರಡೂ ತುದಿಯಲ್ಲಿ ಬಿಗಿಯಿರಿ. ಮೊದಲ ಎರಡು ಮೂರು ಎಳೆತ ಬರೀ ಹಿಡಿಯ ಭಾರದಲ್ಲಿ ಸಾಗಲಿ; ಮೇಲಿನ ಫಿಲ್ಮ್ ಹರಿದು ಬ್ಲೇಡಿಗೆ ದಾರಿ ಬಿದ್ದರೆ ಸಾಕು. ಆಮೇಲೆ ಸ್ವಲ್ಪ ಒತ್ತಡ ಕೊಡಿ. 3 ಎಂಎಂ ಹಾಳೆಗೆ ಎಂಟು ಹತ್ತು ಎಳೆತ ಬೇಕಾಗುತ್ತದೆ, ಗೀರು ದಪ್ಪದ ಮೂರನೇ ಒಂದರಷ್ಟು ಇಳಿಯಬೇಕು, ಅದೂ ಅಂಚಿನಿಂದ ಅಂಚಿನವರೆಗೆ. ತುದಿಯಲ್ಲಿ ಅರ್ಧ ಇಂಚು ತೆಳುವಾಗಿ ಬಿಟ್ಟರೂ ಬಿರುಕು ಅಲ್ಲಿಂದಲೇ ಪಕ್ಕಕ್ಕೆ ಓಡುತ್ತದೆ.

ಗಾಯ ಮಾಡಿಕೊಳ್ಳುವುದೂ ಬಹುಪಾಲು ಆ ತುದಿಯಲ್ಲೇ. ಹಾಳೆ ಮುಗಿದ ಕ್ಷಣ ಬ್ಲೇಡ್ ಜಿಗಿದು ಎಳೆಯುವವನ ಹೊಟ್ಟೆ, ತೊಡೆಯ ಕಡೆಗೇ ಬರುತ್ತದೆ. ಎಳೆತದ ದಾರಿ ಮೈಗೆ ಎದುರಾಗದೆ ಪಕ್ಕದಲ್ಲಿ ಹಾಯುವಂತೆ ನಿಲ್ಲಿ. ಹಾಳೆಯ ಕೊನೆಗೆ ಅದೇ ದಪ್ಪದ ಒಂದು ಚೂರು ತಾಗಿಸಿಟ್ಟರೆ ಬ್ಲೇಡ್ ಅದರ ಮೇಲೆ ನಿಲ್ಲುತ್ತದೆ. ಸ್ಕೇಲ್ ಒತ್ತಿದ ಕೈಯ ಬೆರಳು ಅಂಚಿನಿಂದ ಒಳಗಿರಲಿ. ಕಟ್ ನಿರೋಧಕ ಗ್ಲೌಸ್ ಬೇಕಾದದ್ದು ಆ ಕೈಗೆ.

ಮುರಿಯುವಾಗ ಗೀರು ಮೇಲ್ಮುಖವಾಗಿ, ಸರಿಯಾಗಿ ಮೇಜಿನ ಅಂಚಿನ ಮೇಲೆ ಕೂರಬೇಕು. ಮೇಜಿನ ಮೇಲಿರುವ ಭಾಗದ ಮೇಲೆ ಪಟ್ಟಿಯಿಟ್ಟು ಬಿಗಿದು, ಹೊರಚಾಚಿದ ಭಾಗವನ್ನು ಒಂದೇ ಸಲಕ್ಕೆ ಕೆಳಗೊತ್ತಿ. ಅಂಜುತ್ತಾ ಅಂಜುತ್ತಾ ಒತ್ತಿದರೆ ಅಂಚು ಹಲ್ಲುಹಲ್ಲಾಗುತ್ತದೆ. ಇಂಚಿಗಿಂತ ಕಿರಿದಾದ ಪಟ್ಟಿ ಬರಿಗೈಗೆ ಬಗ್ಗದು, ಎರಡು ಮರದ ಪಟ್ಟಿಗಳ ನಡುವೆ ಹಿಡಿದು ಮುರಿಯಬೇಕು. ಚೂರು ಕಣ್ಣಿಗೆ ಹಾರುವುದೂ ಆಗಲೇ, ಸೇಫ್ಟಿ ಕನ್ನಡಕ ಮರೆಯಬೇಡಿ.

ಅಂಚನ್ನು ಬ್ಲೇಡಿನ ಬೆನ್ನಿನಿಂದ ಕೆರೆದು, 400, 600, 1000 ನಂಬರಿನ ವಾಟರ್ ಪೇಪರಿನಲ್ಲಿ (ಒದ್ದೆಯಾಗಿ ಬಳಸುವ ಮರಳು ಕಾಗದ) ನೀರು ಹಾಕಿ ಉಜ್ಜಿ. ಥಿನ್ನರ್ ಹಾಕಿ ಒರೆಸಿದಿರೋ, ಅಂಚಿನುದ್ದಕ್ಕೂ ಕೂದಲಿನಂಥ ಬಿರುಕು ಬೀಳುತ್ತದೆ.

ಬ್ಲೇಡ್ ಮೊಂಡಾದದ್ದು ಕಸದಲ್ಲೇ ತಿಳಿಯುತ್ತದೆ. ಹರಿತವಿದ್ದಾಗ ಸುರುಳಿ ಬರುತ್ತದೆ, ಮೊಂಡಾದ ಮೇಲೆ ಪುಡಿ ಉದುರುತ್ತದೆ. ಆ ಹೊತ್ತಿಗೆ ಕೈ ತಾನಾಗಿಯೇ ಹೆಚ್ಚು ಒತ್ತಲು ಶುರು ಮಾಡಿರುತ್ತದೆ, ಜಾರುವುದೂ ಆಗಲೇ. ಅಗ್ಗದ ಕಟ್ಟರಿನ ಬ್ಲೇಡ್ ಬೇಗ ಈ ಸ್ಥಿತಿಗೆ ಬರುತ್ತದೆ, ಕೆಲವಕ್ಕೆ ಬದಲಿ ಬ್ಲೇಡೇ ಸಿಗುವುದಿಲ್ಲ. ಕೊಳ್ಳುವ ಮುಂಚೆ ಕೇಳಿ ನೋಡಿ. ಸನ್‌ಮೈಕಾ ಗೀರಿದರೆ ಬ್ಲೇಡ್ ಇನ್ನೂ ಬೇಗ ಸವೆಯುತ್ತದೆ. ಅದಕ್ಕೆ ಬೇರೆ ಬ್ಲೇಡ್ ಇಟ್ಟು, ಮಾರ್ಕರ್‌ನಲ್ಲಿ ಗುರುತು ಹಾಕಿ.